ಕಾಲು ಬಿಟ್ಟುಹೋದ ಲೆನಿನ್, ತಲೆ ಮಾತ್ರ ಇರುವ ಮಾರ್ಕ್ಸ್

"ದೊಡ್ಡಮ್ಮ, ನಂಗೆ ಲ್ಯಾಬ್ ಇದೆ, ಸ್ಟೇಷನ್ನಿಗೆ ಬರೋಕಾಗಲ್ಲ. ನೀವು ಸೀದಾ ತಲೆ ಹತ್ರ ಬಂದ್ಬಿಡಿ. ಹತ್ತು ನಿಮಿಷದ ದಾರಿ."

ತಂಗಿ ಮಗನ ಮೆಸೇಜು. ಜರ್ಮನಿಯ ಕೆಮ್ನಿಟ್ಸ್ ಅನ್ನುವ ಊರಿನಲ್ಲಿ ಎಂಎಸ್ ಓದುತ್ತಿದ್ದಾನೆ. ಯಾರ ತಲೆ, ಎಲ್ಲಿ ಅಂತ ಕೇಳೋಣ ಅಂದರೆ ಫೋನ್ ಎತ್ತುತ್ತಿಲ್ಲ. ಸೂಟ್‌ಕೇಸ್ ಎಳೆದುಕೊಂಡು, ಚಳಿಗೆ ಕಿವಿ ಮುಚ್ಚಿಕೊಂಡು, ಮ್ಯಾಪ್ ತೋರಿಸಿದ ಕಡೆ ನಡೆದೆ. ಅಗಲವಾದ ರಸ್ತೆ, ಎರಡೂ ಕಡೆ ಡಬ್ಬಿ ಜೋಡಿಸಿದಂಥ ಕಟ್ಟಡಗಳು. ತಿರುಗಿ ನೋಡಿದರೆ ನಿಜಕ್ಕೂ ತಲೆ! ಭುಜ ಇಲ್ಲ, ಎದೆ ಇಲ್ಲ, ಗಡ್ಡ ಮುಗಿಯುವಲ್ಲಿಗೆ ಮನುಷ್ಯನೂ ಮುಗಿದ. ಕಂಚಿನ ಕಾರ್ಲ್ ಮಾರ್ಕ್ಸ್, ಹುಬ್ಬು ಗಂಟಿಕ್ಕಿಕೊಂಡು, ಟ್ರಾಮ್ ಕಡೆ ನೋಡುತ್ತಾ ಕೂತಿದ್ದಾನೆ.

ತಲೆಯೊಂದೇ 7.1 ಮೀಟರ್ ಎತ್ತರ. ಕೆಳಗಿನ ಗ್ರಾನೈಟ್ ಪೀಠ ಸೇರಿಸಿದರೆ 13 ಮೀಟರ್. ತೂಕ ಸುಮಾರು 40 ಟನ್. ಆಗ ಕಮ್ಯುನಿಸ್ಟ್ ಪೂರ್ವ ಜರ್ಮನಿಯಲ್ಲಿದ್ದ ಈ ಊರಿಗೆ 1953ರಿಂದ 1990ರವರೆಗೆ ಕಾರ್ಲ್-ಮಾರ್ಕ್ಸ್-ಸ್ಟಾಟ್ ಅಂತ ಹೆಸರಿತ್ತು, ಅಂದರೆ ಮಾರ್ಕ್ಸ್ ಪಟ್ಟಣ. ಹೆಸರಿಟ್ಟ ಮೇಲೆ ಪ್ರತಿಮೆ ಬೇಡವೇ? ಸೋವಿಯತ್ ಶಿಲ್ಪಿ ಲೆವ್ ಕೆರ್ಬೆಲ್ ಮಾಡಿಕೊಟ್ಟರು. ಲೆನಿನ್‌ಗ್ರಾಡ್‌ನಲ್ಲಿ 95 ತುಂಡುಗಳಾಗಿ ಎರಕ ಹೊಯ್ದು, ಇಲ್ಲಿಗೆ ತಂದು ಬೆಸೆದು, 1971ರ ಅಕ್ಟೋಬರ್ 9ಕ್ಕೆ ಅನಾವರಣ. ಕೆರ್ಬೆಲ್ ಹುಟ್ಟಿದ್ದು 1917ರ ನವೆಂಬರ್ 7, ಅಕ್ಟೋಬರ್ ಕ್ರಾಂತಿಯಾದ ದಿನವೇ. ಜಾತಕ ಬರೆಸಿಕೊಂಡು ಬಂದಂತಿದೆ! ಮೈ ಎಲ್ಲಿ ಅಂತ ಕೇಳಿದವರಿಗೆ ಆತ, ಮಾರ್ಕ್ಸ್‌ಗೆ ಕೈಕಾಲು ಬೇಕಿಲ್ಲ, ತಲೆಯೇ ಎಲ್ಲಾ ಹೇಳುತ್ತೆ ಅಂದಿದ್ದರಂತೆ.

ಊರಿನವರು ಇದಕ್ಕೆ 'ನಿಶಲ್' ಅನ್ನುತ್ತಾರೆ. ಸ್ಯಾಕ್ಸನಿಯ ಆಡುಮಾತಿನಲ್ಲಿ ತಲೆ ಅಂತ ಅರ್ಥ. ನಮ್ಮಲ್ಲಿ 'ಬುರುಡೆ' ಅಂತಾರಲ್ಲ, ಆ ಥರ. ಹಿಂದಿನ ಕಟ್ಟಡದ ಗೋಡೆ ಮೇಲೆ 'ಜಗತ್ತಿನ ಕಾರ್ಮಿಕರೇ ಒಂದಾಗಿ' ಅನ್ನುವ ಸಾಲನ್ನು ಜರ್ಮನ್, ಇಂಗ್ಲಿಷ್, ಫ್ರೆಂಚ್, ರಷ್ಯನ್, ಹೀಗೆ ನಾಲ್ಕು ಭಾಷೆಗಳಲ್ಲಿ ಕೊರೆದಿದ್ದಾರೆ. ಅದರ ಕೆಳಗೆ ಒಂದಷ್ಟು ಹುಡುಗರು ಸ್ಕೇಟ್‌ಬೋರ್ಡ್ ಆಡುತ್ತಿದ್ದರು. ಒಬ್ಬಳು ಹುಡುಗಿ ಪೀಠಕ್ಕೆ ಒರಗಿಕೊಂಡು ಯಾರಿಗೋ ಕಾಯುತ್ತಿದ್ದಳು, ನಾನೂ ಕಾಯುತ್ತಿದ್ದೆ.

ರಾತ್ರಿ ಅನ್ನ ಸಾರು ತಿಂದು ಮಲಗುವ ಮುಂಚೆ ಆ ತಲೆಯ ಬಗ್ಗೆ ಫೋನಿನಲ್ಲಿ ಹುಡುಕುತ್ತಾ ಕೂತೆ. ಆಗ ಸಿಕ್ಕಿತು ಒಂದು ಹೆಸರು, ಮುಂಚೆಯೇ ಗೊತ್ತಿದ್ದ ಹೆಸರು: ದೈಮಂತಾಸ್ ನಾರ್ಕೆವಿಚಿಯಸ್. ಲಿಥುವೇನಿಯಾದ ಕಲಾವಿದ. ಅವರ ಭಾಷೆಯಲ್ಲಿ ದೈಮಂತಾಸ್ ಅಂದರೆ ವಜ್ರ, ನಮ್ಮಲ್ಲಿ ವಜ್ರಪ್ಪ, ವಜ್ರಮುನಿ ಇದ್ದ ಹಾಗೆ. ಈ ವಜ್ರಪ್ಪ ಕೆಮ್ನಿಟ್ಸ್‌ನ ತಲೆಯನ್ನು ಒಂದು ಬೇಸಿಗೆಯ ಮಟ್ಟಿಗೆ ಕಡ ಕೊಡಿ ಅಂತ ಕೇಳಿದ್ದರು. 40 ಟನ್ ತೂಕದ್ದನ್ನು!

ಆ ಕತೆಗೆ ಆಮೇಲೆ ಬರುತ್ತೇನೆ. ಅವರ ಹೆಸರು ನನಗೆ ಗೊತ್ತಿದ್ದದ್ದು ಬೇರೆ ಕಾರಣಕ್ಕೆ.

ಕೆಲವು ವರ್ಷಗಳ ಹಿಂದೆ ಒಂದು ಮ್ಯೂಸಿಯಂನಲ್ಲಿ, ನಿಜ ಹೇಳಬೇಕೆಂದರೆ ಕಾಲು ನೋಯುತ್ತಿತ್ತು ಅಂತ, ಒಂದು ಕತ್ತಲೆ ಕೋಣೆಗೆ ಹೋಗಿ ಕೂತಿದ್ದೆ. ಗೋಡೆ ಮೇಲೆ ವಿಡಿಯೋ ಓಡುತ್ತಿತ್ತು. ಬಣ್ಣ ಮಾಸಿದ, ಹಳೇ ಟಿವಿಯಂಥ ಚಿತ್ರ. ಒಂದು ಚೌಕದ ತುಂಬಾ ಜನ. ಕ್ರೇನಿನಿಂದ ಲೆನಿನ್ ಪ್ರತಿಮೆ ನೇತಾಡುತ್ತಾ ಬರುತ್ತಿದೆ. ಒಂದು ಕೈ ಚಾಚಿದ್ದಾನೆ, ಮೊಣಕಾಲಿನಿಂದ ಕೆಳಗೆ ಏನೂ ಇಲ್ಲ. ಪೀಠದ ಮೇಲೆ ಎರಡು ಕಾಲುಗಳು ಮಾತ್ರ, ಬಾಗಿಲಲ್ಲಿ ಬಿಟ್ಟ ಬೂಟುಗಳಂತೆ ನಿಂತಿವೆ. ಮೇಲಿನ ಮೈ ನಿಧಾನಕ್ಕೆ ಇಳಿಯುತ್ತೆ, ಕಾಲಿಗೆ ಕೂಡಿಕೊಳ್ಳುತ್ತೆ, ಲೆನಿನ್ ಪೂರ್ತಿಯಾಗುತ್ತಾನೆ. ಜನ ಕೈ ಬೀಸುತ್ತಾರೆ, ಚಪ್ಪಾಳೆ ತಟ್ಟುತ್ತಾರೆ.

ಸರಿ, ಯಾವುದೋ ಊರಿನಲ್ಲಿ ಲೆನಿನ್ ಪ್ರತಿಮೆ ನಿಲ್ಲಿಸಿದ್ದಾರೆ ಅಂದುಕೊಂಡೆ. ಮತ್ತೆ ಮೊದಲಿಂದ ಶುರುವಾಯಿತು. ಎರಡನೇ ಸಲ ನೋಡುವಾಗ ಎಲ್ಲೋ ತಪ್ಪಿದೆ ಅನ್ನಿಸಿತು. ಜನರ ಬಟ್ಟೆ, ಕೂದಲು ಲೆನಿನ್ ಕಾಲದ್ದಲ್ಲ, ನಾನು ಹೈಸ್ಕೂಲಿನಲ್ಲಿದ್ದಾಗಿನದು. ಆಮೇಲೆ ಹೊಳೆಯಿತು. ಇದು ನಿಲ್ಲಿಸಿದ್ದಲ್ಲ, ಕಿತ್ತದ್ದು! ಕಿತ್ತದ್ದನ್ನು ಹಿಂದುಮುಂದು ಮಾಡಿ ತೋರಿಸುತ್ತಿದ್ದಾರೆ.

'ಇಪ್ಪತ್ತನೇ ಶತಮಾನದಲ್ಲಿ ಒಮ್ಮೆ' ಅನ್ನುವ ಅರ್ಥದ ಹೆಸರು ಅದಕ್ಕೆ. 2004ರದು, ಬರೀ 8 ನಿಮಿಷ. ಲಿಥುವೇನಿಯಾ ಟಿವಿಯ ಹಳೇ ಟೇಪುಗಳನ್ನು ತೆಗೆದುಕೊಂಡು ನಾರ್ಕೆವಿಚಿಯಸ್ ಅದರ ಕ್ರಮವನ್ನು ತಿರುಗಿಸಿದರು. ಅಷ್ಟೇ ಕೆಲಸ. ಇದೇನು ಮಹಾ, ನಮ್ಮನೆ ಹುಡುಗರು ಫೋನಿನಲ್ಲಿ ದಿನಾ ಮಾಡ್ತಾರೆ ಅನ್ನಬಹುದು. ನಾನೂ ಹಾಗೇ ಅಂದುಕೊಂಡು ಎದ್ದು ಬಂದೆ. ಆದರೆ ಅದು ತಲೆಯಿಂದ ಹೋಗಲೇ ಇಲ್ಲ.

ಯಾಕೆ ಅಂದರೆ ಆ ಚಪ್ಪಾಳೆ. ಓಡುವವರನ್ನು ಹಿಂದುಮುಂದು ಮಾಡಿದರೆ ತಕ್ಷಣ ಗೊತ್ತಾಗುತ್ತೆ, ನೀರು ಸುರಿಯುವುದನ್ನು ಮಾಡಿದರೂ ಗೊತ್ತಾಗುತ್ತೆ. ಚಪ್ಪಾಳೆ ಮಾತ್ರ ಎರಡೂ ಕಡೆಯಿಂದ ಒಂದೇ. ಕೈ ಬೀಸುವುದೂ ಅಷ್ಟೇ. ಆ ದಿನ ಜನ ಕೈ ಬೀಸಿದ್ದು ಲೆನಿನ್‌ಗೆ 'ಹೋಗಪ್ಪ ಇನ್ನು' ಅಂತ. ವಿಡಿಯೋದಲ್ಲಿ ಅದೇ ಕೈ 'ಬಾರಪ್ಪ' ಅನ್ನುತ್ತೆ. ನಮ್ಮ ಮನೆಗಳಲ್ಲಿ ಹೊರಡುವಾಗ 'ಹೋಗ್ತೀನಿ' ಅಂದರೆ ಬೈತಾರೆ, 'ಹೋಗ್ಬರ್ತೀನಿ' ಅನ್ನಬೇಕು. ಹೋಗುವುದರೊಳಗೆ ಬರುವುದನ್ನೂ ಸೇರಿಸಿ ಕಟ್ಟುವ ಅಭ್ಯಾಸ ನಮ್ಮದು, ಅಲ್ವಾ? ಆದರೆ ಅದನ್ನು ಆ ಪ್ರತಿಮೆಯ ಮುಂದಿದ್ದ ಜನರಿಗೆ ಹೇಳಿದರೆ ಹೊಡೆಯೋಕೆ ಬರ್ತಿದ್ದರು.

ಅವರ ಸಿಟ್ಟು ಸುಮ್ನೆ ಬಂದದ್ದಲ್ಲ. ಲಿಥುವೇನಿಯಾ ದಶಕಗಳ ಕಾಲ ಸೋವಿಯತ್ ಒಕ್ಕೂಟದ ಹಿಡಿತದಲ್ಲಿತ್ತು. ರಾಜಧಾನಿ ವಿಲ್ನಿಯಸ್‌ನ ಲುಕಿಶ್ಕೇಸ್ ಚೌಕದಲ್ಲಿ ಆ ಪ್ರತಿಮೆ ನಿಂತದ್ದು 1952ರಲ್ಲಿ. ಮಾಡಿದವರು ನಿಕೊಲಾಯ್ ತೋಮ್ಸ್ಕಿ. 1940ರ ದಶಕದಿಂದ ಶುರುವಾಗಿ ಆ ಹೊತ್ತಿನವರೆಗೂ ಲಿಥುವೇನಿಯಾದಿಂದ ಲಕ್ಷಕ್ಕೂ ಜಾಸ್ತಿ ಜನರನ್ನು, ಮಕ್ಕಳುಮರಿ ಸಮೇತ, ರೈಲಿಗೆ ತುಂಬಿ ಸೈಬೀರಿಯಾ ಕಡೆಗೆ ಸಾಗಿಸಿದ್ದರು. ಚೌಕದ ಎದುರಿಗೇ ಸೋವಿಯತ್ ಗುಪ್ತ ಪೊಲೀಸರ, ಅಂದರೆ ಕೆಜಿಬಿಯ ಕಟ್ಟಡ. ಕೆಳಗಡೆ ಜೈಲು ಕೋಣೆಗಳು, ಹೊರಗೆ ಬಂದರೆ ಕೈ ಚಾಚಿದ ಲೆನಿನ್. ಚೌಕಕ್ಕೂ ಲೆನಿನ್ ಹೆಸರು, ಮುಂದಿನ ರಸ್ತೆಗೂ ಲೆನಿನ್ ಹೆಸರು. ಅದಕ್ಕಿಂತ ಮುಂಚೆಯೂ ಆ ಜಾಗದ ಚರಿತ್ರೆ ಒಳ್ಳೆಯದೇನಲ್ಲ. 1863ರಲ್ಲಿ ರಷ್ಯಾದ ದೊರೆ ಜಾರ್ ವಿರುದ್ಧ ದಂಗೆಯೆದ್ದವರನ್ನು ಅಲ್ಲೇ ಗಲ್ಲಿಗೇರಿಸಿದ್ದರು.

1990ರ ಮಾರ್ಚ್ 11ರಂದು ಲಿಥುವೇನಿಯಾ ಸ್ವಾತಂತ್ರ್ಯ ಘೋಷಿಸಿಕೊಂಡಿತು. 1991ರ ಜನವರಿ 13ರ ರಾತ್ರಿ ಸೋವಿಯತ್ ಟ್ಯಾಂಕುಗಳು ಟಿವಿ ಗೋಪುರಕ್ಕೆ ನುಗ್ಗಿದವು, 14 ಜನ ಸತ್ತರು. ಟಿವಿ ಕಚೇರಿಯನ್ನೂ ಸೈನಿಕರು ಹಿಡಿದುಕೊಂಡರು. ಆಗಸ್ಟಿನಲ್ಲಿ ಮಾಸ್ಕೋದಲ್ಲಿ ಸೋವಿಯತ್ ನಾಯಕ ಗೊರ್ಬಚೆವ್ ವಿರುದ್ಧದ ದಂಗೆ ಮುಗ್ಗರಿಸಿ ಬಿತ್ತು. ಅದಾಗಿ ಎರಡು ದಿನಕ್ಕೆ, ಆಗಸ್ಟ್ 23ಕ್ಕೆ, ಕ್ರೇನ್ ಬಂತು. ಆ ತಾರೀಖನ್ನು ಅಲ್ಲಿ ಯಾರೂ ಮರೆಯುವುದಿಲ್ಲ. 1939ರಲ್ಲಿ ಹಿಟ್ಲರ್ ಮತ್ತು ಸ್ಟಾಲಿನ್ ಕಡೆಯವರು ಕೂತು ಪೂರ್ವ ಯುರೋಪನ್ನು ಗುಟ್ಟಾಗಿ ಹಂಚಿಕೊಂಡ ದಿನ ಅದು. 1989ರಲ್ಲಿ ಅದೇ ದಿನ ಮೂರು ಬಾಲ್ಟಿಕ್ ದೇಶಗಳ ಸುಮಾರು 20 ಲಕ್ಷ ಜನ ಕೈ ಕೈ ಹಿಡಿದು 600 ಕಿಲೋಮೀಟರಿಗೂ ಉದ್ದದ ಸಾಲು ನಿಂತಿದ್ದರು. ಪ್ರತಿಮೆ ಎತ್ತುವಾಗ ಕಾಲು ಮುರಿದು ಪೀಠದ ಮೇಲೇ ಉಳಿಯಿತು. ಆ ಚಿತ್ರ ಪ್ರಪಂಚದ ಎಲ್ಲಾ ಟಿವಿಗಳಲ್ಲೂ ಬಂತು, ಸೋವಿಯತ್ ಒಕ್ಕೂಟ ಮುಗಿಯಿತು ಅನ್ನುವುದಕ್ಕೆ ಗುರುತಾಗಿಬಿಟ್ಟಿತು.

ಇಷ್ಟೆಲ್ಲಾ ಗೊತ್ತಿರುವ ಒಬ್ಬ ಲಿಥುವೇನಿಯನ್, ಜೈಲಿನಲ್ಲಿ ಅಜ್ಜನನ್ನು ಕಳೆದುಕೊಂಡವನು ಅಂತಿಟ್ಟುಕೊಳ್ಳಿ, ಈ ವಿಡಿಯೋ ನೋಡಿದರೆ ಹೊಟ್ಟೆ ಉರಿಯಲ್ವಾ? ಉರಿದರೆ ಅದು ತಪ್ಪಲ್ಲ. ಕಷ್ಟಪಟ್ಟು ಇಳಿಸಿದ್ದನ್ನು ಹೀಗೆ ಎಂಟೇ ನಿಮಿಷದಲ್ಲಿ ವಾಪಸ್ ಏರಿಸಿಬಿಟ್ಟರೆ! ಆದರೆ ಎರಡನೇ ಸಲ ನೋಡುವಾಗ ನನಗೆ ಕಂಡದ್ದು ಲೆನಿನ್ ಅಲ್ಲ, ಕೆಳಗೆ ನಿಂತ ಜನ. 1952ರಲ್ಲೂ ಅಲ್ಲಿ ಜನ ಇದ್ದರು, ಚಪ್ಪಾಳೆ ತಟ್ಟಿದ್ದರು, ಕೆಲವರು ಮನಸ್ಸಿನಿಂದ, ಕೆಲವರು ಹೆದರಿ, ಕೆಲವರು ಪಕ್ಕದವರು ತಟ್ಟುತ್ತಿದ್ದಾರಲ್ಲ ಅಂತ. ಹೊರಗಿನಿಂದ ನೋಡಿದರೆ ಆ ಚಪ್ಪಾಳೆಗೂ ಈ ಚಪ್ಪಾಳೆಗೂ ವ್ಯತ್ಯಾಸ ಕಾಣಿಸುವುದಿಲ್ಲ. ಕ್ಯಾಮೆರಾಕ್ಕಂತೂ ಕಾಣಿಸುವುದೇ ಇಲ್ಲ. ನಾರ್ಕೆವಿಚಿಯಸ್ ಬೆರಳಿಟ್ಟು ತೋರಿಸುವುದು ಅಲ್ಲಿಗೆ ಅನ್ನಿಸುತ್ತೆ ನನಗೆ.

ಊರಿಗೆ ಬಂದ ಮೇಲೆ ತಮ್ಮನ ಫೋನಿನಲ್ಲಿದ್ದ ಗಣಪತಿ ಬಿಡುವ ವಿಡಿಯೋವನ್ನು ಹಾಗೇ ಹಿಂದಕ್ಕೆ ಓಡಿಸಿ ನೋಡಿದೆ, ನಗಬೇಡಿ. ಯಡಿಯೂರು ಕೆರೆಯ ಕಲ್ಯಾಣಿ. ನೀರಿನಿಂದ ಗಣಪತಿ ಮೇಲೆ ಬಂದು, ಹುಡುಗರ ಕೈ ಸೇರಿ, ಹಿಂದಕ್ಕೆ ನಡೆದು ಟೆಂಪೋ ಹತ್ತಿತು. ತಮಟೆ ಹೊಡೆಯುವವನು ಮಾತ್ರ ಮುಂದಕ್ಕೂ ಹಿಂದಕ್ಕೂ ಒಂದೇ ಥರ. ತರುವಾಗಲೂ ಅದೇ ತಮಟೆ, ಕಳಿಸುವಾಗಲೂ ಅದೇ. ಆದರೆ ನಮ್ಮಲ್ಲಿ ಕಳಿಸುವುದಕ್ಕೆ ಒಂದು ಕ್ರಮ ಮೊದಲೇ ಇದೆ. ಬಿಡುವ ದಿನ ಮಂಗಳಾರತಿ ಆದ ಮೇಲೆ ಅಪ್ಪ ಮೂರ್ತಿಯನ್ನು ಎರಡೂ ಕೈಯಲ್ಲಿ ಹಿಡಿದು ಒಂದಿಷ್ಟೇ ಇಷ್ಟು ಕದಲಿಸುತ್ತಿದ್ದರು. ಉದ್ವಾಸನೆ. ಆಮೇಲೆ ಅದು ಬರೀ ಮಣ್ಣು, ಎತ್ತಿಕೊಂಡು ಹೋಗಬಹುದು. ಅರ್ಧ ಇಂಚು ಸರಿಸಿದರೆ ಸಾಕು. ಕಂಚಿನ ಪ್ರತಿಮೆ ಮಾಡಿಸುವ ಯಾವ ಸರ್ಕಾರವೂ ಆ ಅರ್ಧ ಇಂಚಿನ ಬಗ್ಗೆ ಯೋಚನೆ ಮಾಡುವುದಿಲ್ಲ. ಹಾಗಾಗಿ ಕ್ರೇನ್ ಬರುತ್ತೆ, ಕಾಲು ಮುರಿಯುತ್ತೆ.

ಕಿತ್ತ ಮೇಲೆ ಏನು ಮಾಡುವುದು ಅನ್ನುವುದೂ ದೊಡ್ಡ ತಲೆನೋವೇ. ವಿಲ್ನಿಯಸ್‌ನ ಲೆನಿನ್ ಈಗ ಗ್ರೂಟಾಸ್ ಅನ್ನುವ ಹಳ್ಳಿಯ ಕಾಡಿನಲ್ಲಿದ್ದಾನೆ. ಅಣಬೆ ವ್ಯಾಪಾರದಲ್ಲಿ ದುಡ್ಡು ಮಾಡಿದ ಒಬ್ಬರು 2001ರಲ್ಲಿ ಅಲ್ಲೊಂದು ಪಾರ್ಕ್ ತೆರೆದು, ದೇಶದಲ್ಲೆಲ್ಲಾ ಕಿತ್ತುಹಾಕಿದ್ದ ಲೆನಿನ್, ಸ್ಟಾಲಿನ್‌ಗಳನ್ನು ತಂದು ಮರಗಳ ಮಧ್ಯೆ ನಿಲ್ಲಿಸಿದರು. ಅದೇ ತೋಮ್ಸ್ಕಿ ಪೂರ್ವ ಬರ್ಲಿನ್‌ಗೆ ಮಾಡಿಕೊಟ್ಟಿದ್ದ ಇನ್ನೊಬ್ಬ ಲೆನಿನ್ ಇದ್ದ, 19 ಮೀಟರಿನ ಗ್ರಾನೈಟ್ ಲೆನಿನ್. ಅವನನ್ನು ತುಂಡು ಮಾಡಿ ಊರಾಚೆ ಕಾಡಿನ ಮರಳಲ್ಲಿ ಹೂತುಬಿಟ್ಟರು. 2015ರಲ್ಲಿ ಪ್ರದರ್ಶನಕ್ಕೆ ಬೇಕು ಅಂತ ಮೂರೂವರೆ ಟನ್ನಿನ ತಲೆಯನ್ನು ಅಗೆಯಲು ಹೋದರೆ, ಅದರ ಮೇಲೆ ಹಲ್ಲಿ ಜಾತಿಯ ಸಂರಕ್ಷಿತ ಪ್ರಾಣಿಗಳು ಸಂಸಾರ ಹೂಡಿದ್ದವು! ಅವನ್ನು ಬೇರೆಡೆಗೆ ಸಾಗಿಸದೆ ಲೆನಿನ್‌ನನ್ನು ಮುಟ್ಟುವ ಹಾಗಿರಲಿಲ್ಲ.

ನಾರ್ಕೆವಿಚಿಯಸ್ ಹುಟ್ಟಿದ್ದು 1964ರಲ್ಲಿ, ಉತೆನಾ ಅನ್ನುವ ಊರಿನಲ್ಲಿ. ವಿಲ್ನಿಯಸ್‌ನ ಕಲಾ ಅಕಾಡೆಮಿಯಲ್ಲಿ ಕಲಿತದ್ದು ಶಿಲ್ಪ. ಇದು ಮುಖ್ಯ. ಸೋವಿಯತ್ ಕಾಲದಲ್ಲಿ ಶಿಲ್ಪ ಕಲಿತವನಿಗೆ ದೊಡ್ಡ ಕೆಲಸ ಅಂದರೆ ಸರ್ಕಾರದ ಪ್ರತಿಮೆ, ಬೇರೆ ಗಿರಾಕಿ ಎಲ್ಲಿದ್ದ? ಅವರು ಕಲಿತು ಮುಗಿಸುವ ಹೊತ್ತಿಗೆ ಆ ಗಿರಾಕಿಯೇ ಇಲ್ಲ. ಇದ್ದ ಪ್ರತಿಮೆಗಳನ್ನೂ ಲಾರಿಗೆ ಹಾಕುತ್ತಿದ್ದಾರೆ. ಅಂಥ ಹೊತ್ತಿನಲ್ಲಿ ಅವರು ಕ್ಯಾಮೆರಾ ಹಿಡಿದರು.

ಅವರ ಮೊದಲ ಸಿನಿಮಾಗಳಲ್ಲಿ ಒಂದು 1997ರದು. 1989ರಲ್ಲಿ ಫ್ರಾನ್ಸಿನ ಭೂಗೋಳ ಸಂಸ್ಥೆಯವರು ಲೆಕ್ಕ ಹಾಕಿ, ಯುರೋಪಿನ ನಟ್ಟನಡುವೆ ಅಂದರೆ ವಿಲ್ನಿಯಸ್ ಹತ್ತಿರದ ಒಂದು ಜಾಗ ಅಂದಿದ್ದರು. ನಾರ್ಕೆವಿಚಿಯಸ್ ಮನೆಯಿಂದ ಹೊರಟು ಆ ಜಾಗಕ್ಕೆ ಹೋಗುತ್ತಾರೆ. ಅಷ್ಟೇ ಸಿನಿಮಾ. ಆಮೇಲೆ ವಿದ್ಯುತ್ ಸ್ಥಾವರಕ್ಕಾಗಿಯೇ ಕಟ್ಟಿದ ಎಲೆಕ್ಟ್ರೇನಾಯ್ ಪಟ್ಟಣದ ಬಗ್ಗೆ ಒಂದು ಮಾಡಿದರು. 2001ರ ವೆನಿಸ್ ಬಿನಾಲೆ ಅನ್ನುವ ದೊಡ್ಡ ಕಲಾ ಪ್ರದರ್ಶನಕ್ಕೆ ಲಿಥುವೇನಿಯಾ ಕಡೆಯಿಂದ ಹೋದರು. ರಷ್ಯಾದ ನಿರ್ದೇಶಕ ತಾರ್ಕೋವ್ಸ್ಕಿಯ 'ಸೋಲಾರಿಸ್' ಸಿನಿಮಾದ ನಾಯಕ ದೊನಾತಾಸ್ ಬನಿಯೋನಿಸ್ ಲಿಥುವೇನಿಯಾದವರೇ. ಅವರಿಗೆ 80 ದಾಟಿದ ಮೇಲೆ, 2007ರಲ್ಲಿ, ಅದೇ ಪಾತ್ರವನ್ನು ಮತ್ತೆ ಹಾಕಿಸಿ, ಮೂಲ ಸಿನಿಮಾ ಬಿಟ್ಟುಬಿಟ್ಟಿದ್ದ ಕಾದಂಬರಿಯ ಕೊನೇ ಅಧ್ಯಾಯ ಮಾಡಿಸಿದರು. ಇವರ ಎಲ್ಲಾ ಕೆಲಸವೂ ನನಗೆ ಹಿಡಿಸಿದೆ ಅಂತೇನಿಲ್ಲ. ಕೆಲವು ನೋಡುವಾಗ ನಿದ್ದೆ ಬರುತ್ತೆ. ಆದರೆ ಪ್ರತಿಮೆಗಳ ವಿಷಯಕ್ಕೆ ಬಂದಾಗ ಈ ಮನುಷ್ಯನ ಕೈ ಬೇರೆಯೇ ಆಗುತ್ತೆ. ಶಿಲ್ಪಿಯ ಕೈ ಅದು, ಭಾರ ಎಲ್ಲಿ ಬೀಳುತ್ತೆ ಅಂತ ಗೊತ್ತಿರುವ ಕೈ.

ಈಗ ತಲೆಯ ಕತೆ.

ಜರ್ಮನಿಯ ಪಶ್ಚಿಮಕ್ಕೆ ಮ್ಯೂನ್‌ಸ್ಟರ್ ಅಂತ ಊರು. ಅಲ್ಲಿ 1977ರಿಂದ ಹತ್ತು ವರ್ಷಕ್ಕೊಮ್ಮೆ ಶಿಲ್ಪಗಳ ದೊಡ್ಡ ಪ್ರದರ್ಶನ ನಡೆಯುತ್ತೆ. ಊರಿನ ರಸ್ತೆ, ಪಾರ್ಕು, ಕೆರೆ ದಂಡೆಗಳೇ ಗ್ಯಾಲರಿ. 2007ಕ್ಕೆ ನಾರ್ಕೆವಿಚಿಯಸ್‌ರನ್ನು ಕರೆದರು. ಹೊಸದೇನನ್ನೂ ಮಾಡುವುದು ಬೇಡ, ಕೆಮ್ನಿಟ್ಸ್‌ನ ಮಾರ್ಕ್ಸ್ ತಲೆಯನ್ನೇ ತಂದು ಇಲ್ಲಿ ಇಡೋಣ ಅಂದರು ಅವರು. ಪೂರ್ವ ಜರ್ಮನಿಯ ತಲೆ ಪಶ್ಚಿಮಕ್ಕೆ. ನನಗಂತೂ ಇದನ್ನು ಓದಿ ಹಾಸಿಗೆಯಲ್ಲೇ ನಗು ಬಂತು. ಯೋಚನೆ ಮಾಡಿ, ಚರ್ಚು, ಸೈಕಲ್ಲು, ಅಚ್ಚುಕಟ್ಟು ಅಂಗಡಿಸಾಲಿನ ಊರು. ಬೆಳಿಗ್ಗೆ ಬ್ರೆಡ್ ತರೋಕೆ ಹೊರಟವರ ಮುಂದೆ ಏಳು ಮೀಟರಿನ ಗಡ್ಡ!

ಕೆಮ್ನಿಟ್ಸ್ ಕೊಡಲಿಲ್ಲ.

ಇದರಲ್ಲಿ ಒಂದು ಮಜಾ ಇದೆ. 1990ರಲ್ಲಿ ಇದೇ ಊರಿನ ಜನ ವೋಟು ಹಾಕಿ ಮಾರ್ಕ್ಸ್ ಹೆಸರನ್ನು ಬೇಡ ಅಂದು ಹಳೇ ಹೆಸರು ವಾಪಸ್ ತಂದುಕೊಂಡವರು. ತಲೆಯನ್ನೂ ಕಿತ್ತುಹಾಕಿ ಅನ್ನುವ ಮಾತು ಆಗ ಬಂದಿತ್ತು. ಕಿತ್ತಲಿಲ್ಲ. ಹೆಸರು ಬೇಡ, ತಲೆ ಇರಲಿ. ಬೇಡವಾದ ಹಳೇ ಬೀರು ಮನೆಯಲ್ಲಿ ಇರುತ್ತಲ್ಲ, ದಿನಾ ಬೈಕೊಂಡು ಓಡಾಡುತ್ತೀವಿ, ಪಕ್ಕದ ಮನೆಯವರು ಕೇಳಿದರೆ ಮಾತ್ರ ಕೊಡಲು ಮನಸ್ಸು ಬರುವುದಿಲ್ಲ, ಹಾಗೆ.

ತಲೆ ಬರಲಿಲ್ಲ ಅಂತ ನಾರ್ಕೆವಿಚಿಯಸ್ ಸಿನಿಮಾ ಮಾಡಿದರು. ಹೆಸರೂ 'ತಲೆ' ಅಂತಲೇ, 12 ನಿಮಿಷದ್ದು. ಹೊಸದಾಗಿ ಚಿತ್ರೀಕರಿಸುವ ಬದಲು ಪೂರ್ವ ಜರ್ಮನಿಯ ಹಳೇ ಫುಟೇಜ್ ಹುಡುಕಿ ಜೋಡಿಸಿದರು. ಕೆರ್ಬೆಲ್ ತಮ್ಮ ಸ್ಟುಡಿಯೋದಲ್ಲಿ ಆ ತಲೆಯನ್ನು ರೂಪಿಸುವುದು, ಆಮೇಲೆ ಅನಾವರಣ, ಸೇರಿದ ಜನ. ಲೆನಿನ್ ವಿಡಿಯೋದಲ್ಲಿ ಕಿತ್ತದ್ದನ್ನು ನಿಲ್ಲಿಸಿದರು, ಇಲ್ಲಿ ಕದಲದ್ದನ್ನು ಕದಲಿಸಿದರು. ಲಾರಿಯಲ್ಲಿ ಹೋಗಲಾಗದ ತಲೆ ಫಿಲ್ಮಿನ ಡಬ್ಬಿಯಲ್ಲಿ ಮ್ಯೂನ್‌ಸ್ಟರ್‌ಗೆ ಹೋಯಿತು. ನೋಡುವಾಗ ನನಗೆ ಜಾಸ್ತಿ ಹಿಡಿಸಿದ್ದು ಕೆರ್ಬೆಲ್. ಯಾವ ರಾಜಕೀಯವಾದರೂ ಇರಲಿ, ಮಣ್ಣಿನ ಮುಂದೆ ನಿಂತ ಮನುಷ್ಯನಿಗೆ ಆ ಕ್ಷಣದಲ್ಲಿ ಮೂಗು ಸರಿಯಾಗಿ ಬಂತಾ ಅನ್ನುವುದೊಂದೇ ಚಿಂತೆ. ಶಿಲ್ಪ ಕಲಿತ ನಾರ್ಕೆವಿಚಿಯಸ್‌ಗೆ ಅವರ ಮೇಲೆ ಗೇಲಿ ಮಾಡುವ ಮನಸ್ಸು ಬಂದಿಲ್ಲ. ಅದು ನನಗೆ ಇಷ್ಟವಾಯಿತು.

ಮರುವರ್ಷ, 2008ರಲ್ಲಿ, ಆಸ್ಟ್ರಿಯಾದ ಲಿಂಟ್ಸ್‌ನ ಕಲಾ ವಿದ್ಯಾರ್ಥಿಗಳು ಕೆಮ್ನಿಟ್ಸ್‌ಗೆ ಬಂದು ತಲೆಯ ಸುತ್ತ ದೊಡ್ಡ ಡಬ್ಬಿ ಕಟ್ಟಿ ಮುಚ್ಚಿಬಿಟ್ಟರು. ಒಳಗೆ ಮೆಟ್ಟಿಲು. ಹತ್ತಿ ಹೋದರೆ ಮಾರ್ಕ್ಸ್‌ನ ಕಣ್ಣಿಗೆ ಕಣ್ಣು ಕೊಟ್ಟು ನೋಡಬಹುದು. 37 ವರ್ಷ ತಲೆಯೆತ್ತಿ ನೋಡಿದವರಿಗೆ ಮೊದಲ ಸಲ ಅವನ ಹುಬ್ಬಿನ ಗೆರೆ ಕಂಡಿತು.

ಮುಚ್ಚಿದ ಪ್ರತಿಮೆ ಅಂದರೆ ಬೆಂಗಳೂರಿನವರಿಗೆ ಬೇರೆ ಹೇಳಬೇಕಾಗಿಲ್ಲ. ಹಲಸೂರು ಕೆರೆ ಹತ್ತಿರ ಮುಸುಕು ಹಾಕಿಕೊಂಡು ನಿಂತಿದ್ದ ತಿರುವಳ್ಳುವರ್. 1991ರಿಂದ, ಲೆನಿನ್ ಕಾಲು ಮುರಿದ ಅದೇ ವರ್ಷದಿಂದ, 18 ವರ್ಷ ಅದಕ್ಕೆ ಅನಾವರಣದ ಭಾಗ್ಯ ಇರಲಿಲ್ಲ. ಆ ಕಡೆ ಬಸ್ಸಿನಲ್ಲಿ ಹೋಗುವಾಗೆಲ್ಲಾ ನಾನು ಕಿಟಕಿಯಿಂದ ಅದನ್ನೇ ಹುಡುಕುತ್ತಿದ್ದೆ. ಕಾಣುವ ಪ್ರತಿಮೆಗಳು ಊರಿನಲ್ಲಿ ನೂರಾರು ಇದ್ದವು, ಒಂದೂ ನೆನಪಿಲ್ಲ. ಕಾಣದ ಅದೊಂದು ಮಾತ್ರ ನೆನಪಿದೆ. 2009ರ ಆಗಸ್ಟ್ 9ಕ್ಕೆ ಮುಸುಕು ತೆಗೆದರು, ನಾಲ್ಕು ದಿನಕ್ಕೆ ಚೆನ್ನೈನಲ್ಲಿ ನಮ್ಮ ಸರ್ವಜ್ಞ ನಿಂತ. ತೆಗೆದ ಮೇಲೆ ಎಷ್ಟೋ ಸಲ ಆ ದಾರಿಯಲ್ಲಿ ಹೋಗಿದ್ದೇನೆ. ತಲೆಯೆತ್ತಿ ನೋಡಿದ್ದು ಒಂದೋ ಎರಡೋ ಸಲ.

ಕೆಮ್ನಿಟ್ಸ್‌ನಲ್ಲಿ ಕೊನೇ ದಿನ ಬೆಳಿಗ್ಗೆ ಹುಡುಗ ನನ್ನನ್ನು ಸ್ಟೇಷನ್ನಿಗೆ ಬಿಡಲು ಬಂದ. ದಾರಿಯಲ್ಲಿ ತಲೆ ಹತ್ತಿರ ಎರಡು ನಿಮಿಷ ನಿಂತೆವು. ಈ ಜಾಗ ಬರೀ ಸ್ಕೇಟ್‌ಬೋರ್ಡಿಗೆ ಅಲ್ಲ ಅಂತ ಅವನೇ ಹೇಳಿದ. 2018ರ ಆಗಸ್ಟ್ ಕೊನೆಯಲ್ಲಿ ವಲಸಿಗರ ವಿರುದ್ಧ ಬಲಪಂಥೀಯರು ಸೇರಿ ಕೂಗಾಡಿದ್ದು ಇದೇ ತಲೆ ಮುಂದೆ. ಅದಕ್ಕೆ ಉತ್ತರವಾಗಿ ಸೆಪ್ಟೆಂಬರ್ 3ರಂದು ಊರಿನಲ್ಲಿ ಸಂಗೀತ ಕಛೇರಿ ಇಟ್ಟರೆ ಸುಮಾರು 65,000 ಜನ ಬಂದಿದ್ದರು. ಅವನು ಆಗಿನ್ನೂ ಬೆಂಗಳೂರಿನಲ್ಲಿ ಶಾಲೆಗೆ ಹೋಗುತ್ತಿದ್ದ. ಇಲ್ಲಿಗೆ ಬಂದ ಮೇಲೆ ಸೀನಿಯರ್‌ಗಳು ಹೇಳಿದ್ದಂತೆ, ರಾತ್ರಿ ಒಬ್ಬೊಬ್ಬನೇ ಓಡಾಡಬೇಡ ಅಂತ. "ಈಗ ಪರವಾಗಿಲ್ಲ ದೊಡ್ಡಮ್ಮ" ಅಂದ. ಅವನು 'ಪರವಾಗಿಲ್ಲ' ಅಂದದ್ದನ್ನು ನಾನು ಪೂರ್ತಿ ನಂಬಲಿಲ್ಲ, ಅವನ ಅಮ್ಮನಿಗೂ ಹೇಳಿಲ್ಲ.

ಮಾತು ಬದಲಿಸೋಣ ಅಂತ ನಾರ್ಕೆವಿಚಿಯಸ್ ಕತೆ ಹೇಳಿದೆ. ಹೀಗೊಬ್ಬರು ಬಂದು ತಲೆಯನ್ನು ಒಂದು ಬೇಸಿಗೆ ಕೊಡಿ ಅಂದಿದ್ದರು ಕಣೋ, ಊರಿನವರು ಕೊಡಲಿಲ್ಲ. ನೀನಾಗಿದ್ದರೆ ಕೊಡ್ತಿದ್ಯಾ?

ಅವನು ಸೂಟ್‌ಕೇಸನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು, ಒಂದು ಸಲ ಮೇಲೆ ನೋಡಿದ.

"ಇಲ್ಲಪ್ಪ. ಆಮೇಲೆ ನಾವೆಲ್ಲಾ ಎಲ್ಲಿ ಸಿಗೋದು?"